ಮೈತ್ರಿಗೆ ಮೆಕ್ಯಾನಿಕ್ಕೂ ಬೇಕು

ಪಿಯುಸಿ ಮುಗಿಸಿದವರು, ಐಟಿಐ ಓದುತ್ತಿರುವವರು, ಡಿಗ್ರಿಯ ಕೊನೆಯ ವರ್ಷದವರು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮುಂದ ಏನ್ ಮಾಡ್ಬೇಕ್ರಿ ಸರ್?" ಕೇಳುವಾಗಲೇ ಅರ್ಧ ಉತ್ತರ ನಿಮ್ಮ ಬಾಯಲ್ಲಿರುತ್ತದೆ. ಹೈದರಾಬಾದ್, ಪುಣೆ, ಬೆಂಗಳೂರು. ಇಲ್ಲದಿದ್ದರೆ ಸರ್ಕಾರಿ ನೌಕರಿಯ ಪರೀಕ್ಷೆ. ಹೋಗಿ, ಬೇಡ ಎನ್ನುವುದಿಲ್ಲ. ಹೆದ್ದಾರಿ ನಮ್ಮ ಬಸವಕಲ್ಯಾಣದ ಬಾಗಿಲಲ್ಲೇ ಇದೆ, 2017ರಿಂದ ಹುಮನಾಬಾದಿನ ಮೇಲೆ ಬೀದರ್–ಕಲಬುರಗಿ ರೈಲೂ ಓಡುತ್ತಿದೆ. ಆದರೆ ವಿಜ್ಞಾನ ಕಲಿಸಿಕೊಂಡು ಬಂದ ಮಾಸ್ತರನಾಗಿ ನಿಮಗೆ ಇನ್ನೊಂದು ವಿಳಾಸ ಹೇಳುವ ಆಸೆ ನನಗೆ ಬಹಳ ದಿನದಿಂದ ಇದೆ. ಕೇಳಿದ ಕೂಡಲೇ 'ಅದು ನಮ್ಮಂಥವರಿಗಲ್ಲ' ಅಂದುಬಿಡಬೇಡಿ. ಪೂರ್ತಿ ಓದಿ, ಆಮೇಲೆ ಹೇಳಿ.

ಭೂಮಿಯ ದಕ್ಷಿಣ ತುದಿಯ ಅಂಟಾರ್ಕ್ಟಿಕಾ ಖಂಡದಲ್ಲಿ ನಮ್ಮ ದೇಶದ ಎರಡು ಸಂಶೋಧನಾ ಕೇಂದ್ರಗಳು ನಡೆಯುತ್ತಿವೆ. 1989ರಲ್ಲಿ ಶುರುವಾದದ್ದು ಮೈತ್ರಿ. ಸುತ್ತ ಹಿಮ, ನಡುವೆ ಷಿರ್ಮಾಕರ್ ಎಂಬ ಬರಿಯ ಕಲ್ಲುನೆಲ. ಆ ನೆಲದ ಮೇಲೆ, ಪ್ರಿಯದರ್ಶಿನಿ ಎಂದು ನಮ್ಮವರೇ ಹೆಸರಿಟ್ಟ ಸಿಹಿನೀರಿನ ಕೆರೆಯ ದಂಡೆಯಲ್ಲಿ ಅದು ನಿಂತಿದೆ. ಅಲ್ಲಿಂದ ಪೂರ್ವಕ್ಕೆ ಸುಮಾರು 3,000 ಕಿಲೋಮೀಟರ್ ದೂರದ ಲಾರ್ಸ್‌ಮನ್ ಗುಡ್ಡಗಳಲ್ಲಿ ಭಾರತಿ ಇದೆ. 134 ಹಡಗಿನ ಕಂಟೈನರುಗಳನ್ನು ಜೋಡಿಸಿ ಕಟ್ಟಿದ ಈ ಕೇಂದ್ರ ಕೆಲಸ ಆರಂಭಿಸಿದ್ದು 2012ರ ಮಾರ್ಚ್ 18ರಂದು. ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ನೀ-ಆಲೆಸುಂಡ್ ಊರಲ್ಲಿ 2008ರ ಜುಲೈ 1ರಂದು ತೆರೆದ ಹಿಮಾದ್ರಿ ಇದೆ. ಮೂರನ್ನೂ ನಡೆಸುವ ಕಚೇರಿ ಗೋವಾದ ವಾಸ್ಕೊದಲ್ಲಿದೆ: ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಗೋವಾ ನಮಗೆ ಪಕ್ಕದ ರಾಜ್ಯ, ಮಕ್ಕಳೇ. ಅಂಟಾರ್ಕ್ಟಿಕಾದ ಬಾಗಿಲು ನಿಮ್ಮಿಂದ ಒಂದು ರಾತ್ರಿಯ ಪ್ರಯಾಣದಷ್ಟೇ ದೂರ.

ಭಾರತದ ಮೊದಲ ತಂಡ ಹೊರಟದ್ದೂ ಗೋವಾದಿಂದಲೇ. 1981ರ ಡಿಸೆಂಬರ್ 6ರಂದು ಡಾ. ಎಸ್.ಜೆಡ್. ಖಾಸಿಮ್ ಅವರ ಮುಂದಾಳತ್ವದಲ್ಲಿ 21 ಜನ ಹೊರಟರು, ಬಾಡಿಗೆಗೆ ಪಡೆದ ನಾರ್ವೆಯ ಹಡಗಿನಲ್ಲಿ. 1982ರ ಜನವರಿ 9ರಂದು ಆ ಖಂಡದ ಮೇಲೆ ಕಾಲಿಟ್ಟರು. ಎರಡು ವರ್ಷದ ನಂತರ ಹರ್ಷ್ ಗುಪ್ತ ಅವರ ನೇತೃತ್ವದ ಮೂರನೇ ಯಾತ್ರೆಯಲ್ಲಿ, ಸೇನೆಯ ನೆರವಿನಿಂದ ಎಂಟೇ ವಾರಗಳಲ್ಲಿ ದಕ್ಷಿಣ ಗಂಗೋತ್ರಿ ಎಂಬ ಕೇಂದ್ರ ಎದ್ದಿತು. 12 ಜನ ಅಲ್ಲೇ ಉಳಿದು ಇಡೀ ಚಳಿಗಾಲ ಕಳೆದರು. ಅದನ್ನು ಕಟ್ಟಿದ್ದು ಮಂಜುಗಡ್ಡೆಯ ಮೇಲೆ. ವರ್ಷದಿಂದ ವರ್ಷಕ್ಕೆ ಹಿಮ ಮೇಲೇರಿ ಕಟ್ಟಡವನ್ನು ನುಂಗಿತು, 1990ರಲ್ಲಿ ಅದನ್ನು ಬಿಡಬೇಕಾಯಿತು. ಮುಂದಿನ ಕೇಂದ್ರಕ್ಕೆ ಕಲ್ಲುನೆಲ ಹುಡುಕಿದ್ದು ಆ ಪಾಠ ಕಲಿತ ಮೇಲೆ.

ಈಗ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಇಂಥ ಕೇಂದ್ರದಲ್ಲಿ ಇರುವವರೆಲ್ಲ ಪಿಎಚ್‌.ಡಿ. ಮಾಡಿದ ವಿಜ್ಞಾನಿಗಳೆಂದು ನೀವು ತಿಳಿದಿದ್ದೀರಿ. ಹಾಗಿಲ್ಲ. ಚಳಿಗಾಲ ಕಳೆಯಲು ಮೈತ್ರಿಯಲ್ಲಿ ಉಳಿಯುವವರು ಸುಮಾರು 25 ಜನ. ಅವರಲ್ಲಿ ಜನರೇಟರ್ ನೋಡಿಕೊಳ್ಳುವವನು, ಹಿಮದ ಮೇಲೆ ಓಡುವ ವಾಹನ ರಿಪೇರಿ ಮಾಡುವವನು, ಬಾಯ್ಲರ್ ನಡೆಸುವವನು, ಎಲೆಕ್ಟ್ರಿಷಿಯನ್, ವೆಲ್ಡರ್, ಬಡಗಿ, ಕ್ರೇನ್ ಆಪರೇಟರ್, ಅಡುಗೆಯವನು, ಡಾಕ್ಟರು ಎಲ್ಲರೂ ಇರುತ್ತಾರೆ. ಈ ಕೆಲಸಗಳಿಗೆ ಗೋವಾದ ಕೇಂದ್ರ ಅಧಿಸೂಚನೆ ಹೊರಡಿಸುತ್ತದೆ. ಹಲವು ಹುದ್ದೆಗಳಿಗೆ ಕೇಳುವುದು ಐಟಿಐ ಅಥವಾ ಡಿಪ್ಲೊಮಾ, ಜೊತೆಗೆ ಕೈಯಲ್ಲಿ ಕೆಲಸ ಮಾಡಿದ ಅನುಭವ.

ಬಸವಕಲ್ಯಾಣದ ಆಟೊ ನಗರದಲ್ಲಿ ನಿಂತು ನೋಡಿ. ಲಾರಿಯೊಂದರ ಎಂಜಿನ್ ಬಡಿದುಕೊಳ್ಳುತ್ತಿರುತ್ತದೆ. ಹದಿನೆಂಟರ ಹುಡುಗನೊಬ್ಬ ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿನ ಮೈಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಾನೆ. ಒಂದೊಂದೇ ಸಿಲಿಂಡರಿನ ಹತ್ತಿರ ತುದಿ ಸರಿಸುತ್ತಾನೆ. ಆಮೇಲೆ ಒಂದು ಕಡೆ ಬೆರಳಿಟ್ಟು "ಇಲ್ಲೇ ಐತಿ" ಅನ್ನುತ್ತಾನೆ. ಆ ಕಿವಿ ಯಾವ ಪದವಿಗೂ ಕಡಿಮೆಯಲ್ಲ. ಮೈತ್ರಿಯ ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಸೂರ್ಯ ಮೂಡುವುದೇ ಇಲ್ಲ. ನಾವು ಲಾರಿಗೆ ಹಾಕುವ ಡೀಸೆಲ್ ಅಲ್ಲಿ ಗಟ್ಟಿಯಾಗಿಬಿಡುತ್ತದೆ, ಬೇರೆ ಇಂಧನ ಬೇಕು. ಕೆರೆಯಿಂದ ನೀರು ತರುವ ಕೊಳವೆಯನ್ನು ಬೆಚ್ಚಗೆ ಇಡದಿದ್ದರೆ ಕುಡಿಯುವ ನೀರೇ ಇಲ್ಲ. ಬೇಸಿಗೆಯ ಕೊನೆಯ ಹಡಗು ಹೊರಟುಹೋದ ಮೇಲೆ ಬಿಡಿಭಾಗ ಬೇಕೆಂದರೂ ತಿಂಗಳುಗಟ್ಟಲೆ ಯಾರೂ ತಂದುಕೊಡುವುದಿಲ್ಲ. ಅಲ್ಲಿ ಜನರೇಟರ್ ನಿಂತರೆ ಬೆಳಕು, ಬಿಸಿ, ಉಪಕರಣ, ವಿಜ್ಞಾನ ಎಲ್ಲವೂ ನಿಂತಂತೆ. ಆ ಹೊತ್ತಿನಲ್ಲಿ ಎಲ್ಲರ ಜೀವ ಇಂಥ ಹುಡುಗನ ಕೈಯಲ್ಲಿರುತ್ತದೆ.

ಜೀವದ ಮಾತು ಎತ್ತಿದ್ದು ಉತ್ಪ್ರೇಕ್ಷೆಯಲ್ಲ. 1990ರ ಜನವರಿಯಲ್ಲಿ ಹಂಬೋಲ್ಟ್ ಪರ್ವತಗಳ ಹತ್ತಿರ ಡೇರೆ ಹಾಕಿದ್ದ ನಮ್ಮ ತಂಡದ ನಾಲ್ವರು, ಡೇರೆಯೊಳಗೆ ತುಂಬಿಕೊಂಡ ಕಾರ್ಬನ್ ಮೊನಾಕ್ಸೈಡಿಗೆ ಬಲಿಯಾದರು. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಅದು. ಬೀದರ್ ಜಿಲ್ಲೆಯ ಚಳಿಯಲ್ಲಿ ಬಾಗಿಲು ಕಿಟಕಿ ಮುಚ್ಚಿ ಇದ್ದಲಿನ ಸಿಗಡಿ ಇಟ್ಟುಕೊಂಡು ಮಲಗುವ ಮನೆಗಳಿಗೂ ಇದೇ ಅಪಾಯವಿದೆ. ಮನೆಗೆ ಹೋಗಿ ಅಜ್ಜಿ ಮಲಗುವ ಕೋಣೆ ಮೊದಲು ನೋಡಿ ಬನ್ನಿ. ಕಲಿತ ವಿಜ್ಞಾನ ಅಲ್ಲಿಂದ ಶುರುವಾಗಲಿ.

ಇನ್ನು ವಿಜ್ಞಾನಿಗಳಾಗಬೇಕೆಂದಿರುವವರಿಗೆ. ಪಾಠ ಮಾಡುವಾಗ ನಾನು ಮತ್ತೆ ಮತ್ತೆ ಹೇಳುತ್ತಿದ್ದ ಒಂದು ಕಥೆ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಂಟಾರ್ಕ್ಟಿಕಾದಲ್ಲಿ ಬ್ರಿಟಿಷರ ಹ್ಯಾಲಿ ಎಂಬ ಕೇಂದ್ರವಿದೆ. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಕಾಲಕ್ಕೆ ಅಲ್ಲಿ ಒಂದು ಅಳತೆ ಶುರುವಾಯಿತು. ಆಕಾಶದಲ್ಲಿ ಓಝೋನ್ ಎಷ್ಟಿದೆ ಎಂದು ಉಪಕರಣ ನೋಡಿ ಬರೆದಿಡುವುದು. ಬೇರೇನಿಲ್ಲ. ಬರೆದವರು ಬದಲಾದರು, ಬರೆಯುವುದು ನಿಲ್ಲಲಿಲ್ಲ. ವರ್ಷ ಹತ್ತಾಯಿತು, ಇಪ್ಪತ್ತಾಯಿತು. ಅಂಕಿಗಳಲ್ಲಿ ವಿಶೇಷವೇನೂ ಕಾಣಲಿಲ್ಲ. ಇದಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳಿದವರೂ ಇದ್ದರು. ಜೋ ಫಾರ್ಮನ್ ಎಂಬ ವಿಜ್ಞಾನಿ ಬಿಡಲಿಲ್ಲ. ಜೊನಾಥನ್ ಷಾಂಕ್ಲಿನ್ ಎಂಬ ತರುಣನಿಗೆ ಸಿಕ್ಕ ಕೆಲಸ, ಕಾಗದದ ಮೇಲೆ ರಾಶಿ ಬಿದ್ದಿದ್ದ ಹಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವುದು. ನಿಮ್ಮಲ್ಲಿ ಎಷ್ಟೋ ಜನ 'ಇದು ಗುಮಾಸ್ತನ ಕೆಲಸ' ಎಂದು ಮುಖ ಸಿಂಡರಿಸುತ್ತಿದ್ದಿರಿ.

ಆ ಕೆಲಸದಿಂದಲೇ ಸಿಕ್ಕದ್ದು ಓಝೋನ್ ರಂಧ್ರ. ಅಲ್ಲಿನ ವಸಂತಕಾಲ, ಅಂದರೆ ನಮ್ಮ ಅಕ್ಟೋಬರ್ ಬಂದಾಗಲೆಲ್ಲ ಓಝೋನ್ ಕುಸಿಯುತ್ತಿತ್ತು, ವರ್ಷ ಕಳೆದಂತೆ ಆ ಕುಸಿತ ಹೆಚ್ಚುತ್ತಿತ್ತು. ಮೇಲೆ ಉಪಗ್ರಹವೂ ಇತ್ತು. ಆದರೆ ಅಷ್ಟು ಕಡಿಮೆ ಅಂಕಿಗಳನ್ನು ತಪ್ಪಿರಬಹುದು ಎಂದು ಪಕ್ಕಕ್ಕೆ ಗುರುತು ಹಾಕಿ ಇಡಲಾಗಿತ್ತು. ಫಾರ್ಮನ್, ಬ್ರಯಾನ್ ಗಾರ್ಡಿನರ್, ಷಾಂಕ್ಲಿನ್ ಮೂವರೂ 1985ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಎರಡೇ ವರ್ಷದಲ್ಲಿ, 1987ರಲ್ಲಿ, ಮಾಂಟ್ರಿಯಲ್ ಒಪ್ಪಂದವಾಯಿತು. ಫ್ರಿಜ್ಜು, ಸ್ಪ್ರೇ ಡಬ್ಬಿಗಳಿಗೆ ಬಳಸುತ್ತಿದ್ದ ಸಿಎಫ್‌ಸಿ ಅನಿಲಗಳನ್ನು ಜಗತ್ತು ಬಿಡುತ್ತಾ ಬಂತು. ಅಂಟಾರ್ಕ್ಟಿಕಾದ ಮೇಲಿನ ಓಝೋನ್ 2066ರ ಹೊತ್ತಿಗೆ 1980ರ ಮಟ್ಟಕ್ಕೆ ಮರಳಬಹುದೆಂದು ಈಗಿನ ಅಂದಾಜು. ಹುಮನಾಬಾದಿನ ಮನೆಯಲ್ಲಿರುವ ಫ್ರಿಜ್ಜಿನ ಅನಿಲ ಬದಲಾದದ್ದು ದಕ್ಷಿಣ ಧ್ರುವದ ಹತ್ತಿರ ಯಾರೋ ಬೇಸರಿಸದೆ ಬರೆದಿಟ್ಟ ಪುಸ್ತಕದಿಂದ. ಜಾಣತನ ಬೇಕು, ಒಪ್ಪುತ್ತೇನೆ. ಆದರೆ ಜಾಣರು ಬಹಳ ಜನ ಸಿಗುತ್ತಾರೆ. ಬೇಸರಿಸದೆ ಬರೆಯುವವರು ಸಿಗುವುದಿಲ್ಲ.

ಹೀಗೆ ಬರೆದಿಡುವುದು ನಮ್ಮ ನೆಲಕ್ಕೆ ಹೊಸದೇನಲ್ಲ. ಇದೇ ಬಸವಕಲ್ಯಾಣದಲ್ಲಿ, ಅಂದಿನ ಕಲ್ಯಾಣದಲ್ಲಿ ಕೂತು ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ರಾಜನೀತಿ ಇದೆ, ವೈದ್ಯ ಇದೆ. ಅಡುಗೆ, ಮೀನು ಹಿಡಿಯುವುದು, ಆನೆ ಪಳಗಿಸುವುದು ಕೂಡ ಇದೆ. ಅಡುಗೆಮನೆಯ ವಿಷಯವೂ ಬರೆದಿಡಲು ಯೋಗ್ಯವೆಂದು ತಿಳಿದ ಊರು ನಮ್ಮದು.

ಧ್ರುವದ ಹಿಮಕ್ಕೂ ನಮ್ಮ ಹೊಲಕ್ಕೂ ಏನು ಸಂಬಂಧ ಎಂದು ನಿಮ್ಮ ಅಪ್ಪಂದಿರು ಕೇಳಿದರೆ ಹೀಗೆ ಹೇಳಿ. ಸೆಪ್ಟೆಂಬರಿನಲ್ಲಿ ಉತ್ತರೆ ಮಳೆ ಹಿಡಿದು ಬಿಡದೆ ಸುರಿದರೆ ಏನಾಗುತ್ತದೆಂದು ಅವರಿಗೆ ಗೊತ್ತು. ಕಿತ್ತು ಗುಡ್ಡೆ ಹಾಕಿದ ಉದ್ದು ಮೊಳಕೆ ಒಡೆಯುತ್ತದೆ, ಸೋಯಾ ಕಪ್ಪಾಗುತ್ತದೆ, ತೊಗರಿ ಹೊಲದಲ್ಲಿ ನೀರು ನಿಂತು ಗಿಡ ಸಾಯುತ್ತದೆ. ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜು ಕಡಿಮೆಯಾಗುತ್ತಿರುವುದಕ್ಕೂ, ಮುಂಗಾರಿನ ಕೊನೆಗೆ ಮಧ್ಯ ಭಾರತದಲ್ಲಿ ಬೀಳುವ ಅತಿವೃಷ್ಟಿಗೂ ನಂಟಿರಬಹುದೆಂದು ಗೋವಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. 'ಇರಬಹುದು' ಎಂಬಲ್ಲಿಗೆ ಅವರು ನಿಲ್ಲಿಸಿದ್ದಾರೆ, ಅದೇ ವಿಜ್ಞಾನದ ಪ್ರಾಮಾಣಿಕತೆ. ಆ 'ಇರಬಹುದು' ಎಂಬುದನ್ನು 'ಹೌದು' ಅಥವಾ 'ಅಲ್ಲ' ಮಾಡುವ ಕೆಲಸ ಇನ್ನೂ ಬಾಕಿ ಇದೆ. ರೈತನ ಮಗನೋ ಮಗಳೋ ಅದನ್ನು ಮಾಡಿದರೆ ಅದಕ್ಕಿಂತ ಒಳ್ಳೆಯದು ಏನಿದೆ?

ಕಲ್ಲಿನ ಕಥೆಯೂ ಹಾಗೆಯೇ. ನಮ್ಮ ಕರಿಮಣ್ಣು ಹುಟ್ಟಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದ. ಅದಕ್ಕೂ ಮೊದಲು ಭಾರತ ಮತ್ತು ಅಂಟಾರ್ಕ್ಟಿಕಾ ಗೊಂಡ್ವಾನಾ ಎಂಬ ಒಂದೇ ಭೂಖಂಡದಲ್ಲಿ ಅಂಟಿಕೊಂಡಿದ್ದವು. ನಮ್ಮ ಪೂರ್ವ ಘಟ್ಟದ ಶಿಲೆಗಳ ಸೋದರರನ್ನು ಭೂವಿಜ್ಞಾನಿಗಳು ಅಲ್ಲಿ ಗುರುತಿಸಿದ್ದಾರೆ. ಭೂವಿಜ್ಞಾನ ಎಂದರೆ ಮಾರ್ಕ್ಸು ಕಡಿಮೆ ಬಂದವರ ವಿಷಯ ಎಂಬ ಮಾತು ನಮ್ಮ ಕಡೆ ಇದೆ. ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಕನ್ನಡ ನಾಡಿನ ಕೆರೆಗಳಿಂದ ಧ್ರುವಕ್ಕೆ ಹೋದ ಒಂದು ದಾರಿಯೂ ಇದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ವಿಶ್ವದ ಮೊಟ್ಟಮೊದಲ ನಕ್ಷತ್ರಗಳ ಕಾಲದ ಕ್ಷೀಣ ರೇಡಿಯೊ ಸಂಕೇತ ಹುಡುಕಲು 'ಸರಸ್' ಎಂಬ ಉಪಕರಣ ಕಟ್ಟಿದರು. ಅದನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಬಿಟ್ಟರು. ನೆಲದ ಮಣ್ಣು ಕಲ್ಲುಗಳು ಅಳತೆಯನ್ನು ಕೆಡಿಸುತ್ತವೆ, ಕೆಳಗೆ ಒಂದೇ ಸಮನಾದ ನೀರಿದ್ದರೆ ಆ ತೊಂದರೆ ಇಲ್ಲ. ಹೊರದೇಶದ ತಂಡವೊಂದು 2018ರಲ್ಲಿ ಆ ಸಂಕೇತ ಸಿಕ್ಕಿತೆಂದಿತ್ತು. ನಮ್ಮ ಕೆರೆಯ ಮೇಲಿನ ಅಳತೆ ಅದನ್ನು ಒಪ್ಪಲಿಲ್ಲ, ಫಲಿತಾಂಶ 2022ರಲ್ಲಿ ಪ್ರಕಟವಾಯಿತು. 2023ರ ಡಿಸೆಂಬರಿನಲ್ಲಿ ಭಾರತ ಮೊದಲ ಬಾರಿ ಹಿಮಾದ್ರಿಗೆ ಚಳಿಗಾಲದ ತಂಡ ಕಳಿಸಿದಾಗ ಆ ಸಂಸ್ಥೆಯ ವಿಜ್ಞಾನಿಯೂ ಅದರಲ್ಲಿದ್ದರು. ಆಕಾಶದ ರೇಡಿಯೊ ಸಂಕೇತ ಕೇಳಲು ಅಲ್ಲಿ ಎಷ್ಟು ನಿಶ್ಶಬ್ದವಿದೆ ಎಂದು ಅಳೆಯುವುದು ಅವರ ಕೆಲಸ. ನೀ-ಆಲೆಸುಂಡ್ ಊರಲ್ಲಿ ಉಪಕರಣಗಳಿಗೆ ಅಡ್ಡಿಯಾಗುತ್ತದೆಂದು ವೈಫೈ, ಬ್ಲೂಟೂತ್ ಆರಿಸಿಡಬೇಕು. ರಾತ್ರಿ ದಿಂಬಿನ ಕೆಳಗೆ ಮೊಬೈಲ್ ಇಟ್ಟುಕೊಳ್ಳದೆ ನಿದ್ದೆ ಬಾರದವರು ಇವತ್ತಿನಿಂದಲೇ ಅಭ್ಯಾಸ ಮಾಡಿಕೊಳ್ಳಿ.

ತಾಯಂದಿರೇ, ಹೆಣ್ಣುಮಕ್ಕಳನ್ನು ಅಷ್ಟು ದೂರ ಹೇಗೆ ಕಳಿಸುವುದೆಂದು ಕೇಳುವಿರಿ. 1983–84ರ ಯಾತ್ರೆಯಲ್ಲೇ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತ ಮತ್ತು ಸಾಗರ ವಿಜ್ಞಾನಿ ಅದಿತಿ ಪಂತ್ ಹೋಗಿಬಂದರು. ಇಸ್ರೋದ ಮಂಗಳಾ ಮಣಿ 56ರ ವಯಸ್ಸಿನಲ್ಲಿ ಹೋಗಿ ಭಾರತಿಯಲ್ಲಿ 403 ದಿನ ಇದ್ದರು, 23 ಜನರ ತಂಡದಲ್ಲಿ ಅವರೊಬ್ಬರೇ ಹೆಂಗಸು. ಧ್ರುವದ ಮೇಲೆ ಹಾದುಹೋಗುವ ನಮ್ಮ ಉಪಗ್ರಹಗಳ ಮಾಹಿತಿಯನ್ನು ಅಲ್ಲಿ ಹಿಡಿದು ಹೈದರಾಬಾದ್ ಬಳಿಯ ಶಾದ್‌ನಗರಕ್ಕೆ ಕಳಿಸುವುದು ಆ ಕೇಂದ್ರದ ಕೆಲಸಗಳಲ್ಲೊಂದು. ನಿಮ್ಮ ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳುತ್ತೇನೆಂದರೆ 'ದೂರದ ಕಾಲೇಜು ಬೇಡ' ಎಂದು ಅಡ್ಡ ಬರಬೇಡಿ. ಇಷ್ಟೇ ನನ್ನ ಬೇಡಿಕೆ.

ಹೋಗುವವರಿಗೆ ತಯಾರಿ ಏನು? ಮೊದಲು ದೆಹಲಿಯ ಏಮ್ಸ್‌ನಲ್ಲಿ ದೇಹ, ಮನಸ್ಸು ಎರಡರ ತಪಾಸಣೆ. ಆಮೇಲೆ ಉತ್ತರಾಖಂಡದ ಔಲಿಯ ಹಿಮದಲ್ಲಿ ತರಬೇತಿ. ಗುಟ್ಕಾ ಹಾಕುವವರಿಗೆ ಮಾತ್ರ ಒಂದು ಮಾತು: ಈಗಲೇ ಬಿಡಿ. ಮೈಕಟ್ಟಿಗಿಂತ ಕಷ್ಟದ್ದು ಜೊತೆಗಿರುವ ಗುಣ. ಚಳಿಗಾಲದಲ್ಲಿ ಅದೇ 25 ಮುಖ, ಅದೇ ಊಟದ ಮೇಜು. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದ ಸಿದ್ಧ ಆಹಾರ ಅಂಟಾರ್ಕ್ಟಿಕಾ ಯಾತ್ರೆಗಳಿಗೂ ಹೋಗಿದೆ. ಆದರೆ ಬಿಸಿ ಊಟ ಬೇಕೆಂದರೆ ಅಡುಗೆಮನೆಗೆ ಕೈಗಳು ಬೇಕು. ನೆಲ ಒರೆಸುವುದು, ಪಾತ್ರೆ ತೊಳೆಯುವುದು, ಹಿಮ ಎತ್ತುವುದರಲ್ಲಿ ಡಾಕ್ಟರು, ವಿಜ್ಞಾನಿ ಎಂಬ ಭೇದ ನಡೆಯುವುದಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೋಳಿಗೆ ಮಾರಯ್ಯ ಮೊದಲಾದ ಶರಣರೆಲ್ಲ ಸರಿಸಮನಾಗಿ ಕುಳಿತ ಊರಿನವರು ನೀವು. ಮನೆಯಲ್ಲಿ ಉಂಡ ತಟ್ಟೆ ಅಕ್ಕನ ಕೈಗೆ ಕೊಟ್ಟು ಏಳುವ ಹುಡುಗ ಮಾತ್ರ ಅಲ್ಲಿ ಒಂದು ವಾರ ಬಾಳುವುದಿಲ್ಲ.

ಆ ನೆಲ ಯಾರ ಸ್ವತ್ತೂ ಅಲ್ಲ ಎಂಬುದು ನೆನಪಿರಲಿ. 1959ರ ಡಿಸೆಂಬರ್ 1ರಂದು ಸಹಿಯಾದ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಭಾರತ ಸೇರಿದ್ದು 1983ರಲ್ಲಿ. ಅಲ್ಲಿ ಸೈನಿಕ ಕಾರ್ಯಾಚರಣೆ ಇಲ್ಲ, ಗಣಿಗಾರಿಕೆ ಇಲ್ಲ. ಕಸವನ್ನು ತುಂಬಿ ಹಡಗಿನಲ್ಲಿ ವಾಪಸ್ ತರಬೇಕು. ಇಳಿಯುವ ಮುನ್ನ ಬೂಟಿನ ಮಣ್ಣು ತೊಳೆದು, ಜೇಬಿನ ಮೂಲೆಯ ಧೂಳನ್ನೂ ತೆಗೆಯಬೇಕು. ಒಂದು ಹುಲ್ಲಿನ ಬೀಜವೂ ಆ ಖಂಡಕ್ಕೆ ಹೋಗಬಾರದು. ಇಷ್ಟು ಜತನ ನಮ್ಮ ತ್ರಿಪುರಾಂತಕ ಕೆರೆಗೂ ಸಿಕ್ಕಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಮೈತ್ರಿ ಈಗ ಹಳೆಯದಾಗಿದೆ. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಸೇರಿದ ಒಪ್ಪಂದ ರಾಷ್ಟ್ರಗಳ ಸಭೆಯಲ್ಲಿ ಮೈತ್ರಿ-2 ಕಟ್ಟುವ ಯೋಜನೆಯನ್ನು ಭಾರತ ಮುಂದಿಟ್ಟಿದೆ. ಅದು ಎದ್ದು ನಿಲ್ಲುವ ಹೊತ್ತಿಗೆ ಇವತ್ತು ಹತ್ತನೆಯ ತರಗತಿಯಲ್ಲಿರುವವರ ಕೈಗೂ ಕಸುಬು ಬಂದಿರುತ್ತದೆ.

ಅಲ್ಲಿಯವರೆಗೆ ಮಾಡುವ ಕೆಲಸವೊಂದನ್ನು ಹೇಳುತ್ತೇನೆ. ನೆಟ್ಟಗಿನ ಗೋಡೆಯ, ತಳ ಚಪ್ಪಟೆಯಾದ ಒಂದು ಡಬ್ಬಿ ಹುಡುಕಿ. ಗಿಡ, ಗೋಡೆಗಳಿಂದ ದೂರ, ಬಯಲಲ್ಲಿ ಅಲುಗದಂತೆ ಇಡಿ. ಹವಾಮಾನ ಇಲಾಖೆಯವರು ಮಳೆ ಅಳೆಯುವುದು ಬೆಳಗ್ಗೆ ಎಂಟೂವರೆಗೆ; ನೀವೂ ಅದೇ ಹೊತ್ತಿಗೆ ಸ್ಕೇಲು ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ನೋಡಿ, ತಾರೀಖಿನ ಮುಂದೆ ಬರೆಯಿರಿ, ನೀರು ಚೆಲ್ಲಿ ಮತ್ತೆ ಇಡಿ. ಮಳೆ ಬಾರದ ದಿನ ಸೊನ್ನೆ ಬರೆಯಿರಿ, ಜಾಗ ಖಾಲಿ ಬಿಡಬೇಡಿ. ನೋಡಲು ಮರೆತ ದಿನ 'ನೋಡಲಿಲ್ಲ' ಎಂದು ಬರೆಯಿರಿ, ಅಂದಾಜಿನ ಅಂಕಿ ಹಾಕಬೇಡಿ. ಊರಿಗೆ ಹೋಗುವಾಗ ತಂಗಿಗೋ ಗೆಳೆಯನಿಗೋ ಒಪ್ಪಿಸಿ ಹೋಗಿ. ಮಿರಗ (ಮೃಗಶಿರ ಮಳೆ) ಕೂಡುವ ಮುಂಚೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟುಕೊಳ್ಳಿ, ಮೊದಲ ಪುಟದಲ್ಲಿ ನಿಮ್ಮ ಹೆಸರು, ಊರು ಬರೆದು ಶುರು ಮಾಡಿ.